ಕಾರಿನ ಬಾಗಿಲಿಗೆ ವಿದ್ಯುತ್ತಿನ ಬೀಗ

ಮನೆಯ ಬಾಗಿಲಿಗೆ ಅಗುಳಿ ಹಾಕುವುದು ಕಳ್ಳನನ್ನು ಹೊರಗಿಡುವುದಕ್ಕೆ. ಮನೆಯವನೇ ಒಳಗೆ ಸಿಕ್ಕಿಕೊಳ್ಳುವಂತಾದರೆ ಅಂಥ ಅಗುಳಿಯಿಂದ ಪ್ರಯೋಜನವೇನು? ಈ ಸರಳವಾದ ಮಾತು ಮೋಟಾರು ಗಾಡಿಯ ಬಾಗಿಲಿಗೂ ಸಲ್ಲುತ್ತದೆ. ಗುಂಡಿಯೊಂದನ್ನು ಒತ್ತಿದೊಡನೆ ನಾಲ್ಕು ಬಾಗಿಲುಗಳೂ ಒಟ್ಟಿಗೆ ಭದ್ರವಾಗುವ ವಿದ್ಯುತ್ತಿನ ಬೀಗವು ಇಂದು ಸಾಧಾರಣ ಗಾಡಿಗಳಲ್ಲಿಯೂ ಉಂಟು. ‘ಸೆಂಟ್ರಲ್ ಲಾಕ್’ ಎಂದು ಎಲ್ಲರ ಬಾಯಲ್ಲಿಯೂ ಬಳಕೆಯಾಗಿರುವ ಈ ಏರ್ಪಾಡು ಬಹು ಅನುಕೂಲವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಕೆಟ್ಟಾಗ ಸರಿಪಡಿಸುವ ಕ್ರಮವೇನು, ಸರಿಪಡಿಸಿದ ಮೇಲೆ ಪರೀಕ್ಷಿಸಿ ನೋಡತಕ್ಕದ್ದು ಯಾವುದನ್ನು ಎಂಬ ವಿಷಯದಲ್ಲಿ ನಮ್ಮ ಜನರಲ್ಲಿ ತಿಳಿವಳಿಕೆ ಸಾಲದು. ಈ ಲೇಖನವನ್ನು ಬರೆಯುವುದಕ್ಕೆ ಅದೇ ಕಾರಣ.

ಹೊಟೇಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿಯುವ ನಮ್ಮ ವಾಚಕರಿಗೆ ಕಾರಿನ ಗೊಡವೆ ಏತಕ್ಕೆ ಎಂದು ಕೇಳುವವರಿರಬಹುದು. ಕಾಲ ಬದಲಾಗಿದೆ. ಅಣ್ಣತಮ್ಮಂದಿರು ಇಬ್ಬರು ಮೂವರು ಸೇರಿ ಉಳಿತಾಯದ ಹಣ ಕೂಡಿಸಿ, ಹತ್ತು ಹನ್ನೆರಡು ವರ್ಷ ಓಡಿದ ಗಾಡಿಯೊಂದನ್ನು ಕೊಂಡು, ಹಬ್ಬಕ್ಕೋ ನೇಮಕ್ಕೋ ಘಟ್ಟದ ದಾರಿಯಾಗಿ ಊರಿಗೆ ಹೋಗಿಬರುವುದು ಈಗ ಅಪರೂಪದ ಸಂಗತಿಯಲ್ಲ. ಹೊಟೇಲಿನ ಕೆಲಸ ಬಿಟ್ಟು ಟೂರಿಸ್ಟ್ ಟ್ಯಾಕ್ಸಿ ಇಟ್ಟುಕೊಂಡವರೂ ನಮ್ಮಲ್ಲಿದ್ದಾರೆ. ಇಂಥ ಹಳೆಯ ಗಾಡಿಯಲ್ಲಿ ಇಂಜಿನು ಗಟ್ಟಿಯಾಗಿಯೇ ಇದ್ದು, ಬಾಗಿಲ ಬೀಗದ ಸ್ವಿಚ್ಚು ಮಾತ್ರ ಕಾಟ ಕೊಡುವುದುಂಟು. ಸ್ವಿಚ್ಚು ಒತ್ತಿದರೆ ಒಂದು ಬಾಗಿಲು ಮುಚ್ಚಿಕೊಳ್ಳುತ್ತದೆ, ಇನ್ನೊಂದು ತೆರೆದುಕೊಳ್ಳುತ್ತದೆ, ಮೂರನೆಯದು ಮಿಸುಕುವುದೇ ಇಲ್ಲ. ಗ್ಯಾರೇಜಿಗೆ ಒಯ್ದರೆ “ಇಡೀ ಸೆಟ್ಟನ್ನೇ ಬದಲಾಯಿಸಬೇಕು” ಎಂಬ ಉತ್ತರ ಬರುತ್ತದೆ. ಹಲವು ಸಂದರ್ಭಗಳಲ್ಲಿ ಕೆಟ್ಟಿರುವುದು ಗೇಣುದ್ದದ ತಂತಿ ಒಂದೇ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಕಾಗಿಲ್ಲವಷ್ಟೆ.

ಹಿಂದಿನ ಸಂಗತಿ

ವಿದ್ಯುತ್ತಿನಿಂದ ಬಾಗಿಲಿಗೆ ಬೀಗ ಹಾಕುವ ಕಲ್ಪನೆ ನಾವೆಣಿಸುವುದಕ್ಕಿಂತ ಹಳೆಯದು. ಅಮೆರಿಕದ ಸ್ಕ್ರಿಪ್ಸ್-ಬೂತ್ ಎಂಬ ಗಾಡಿಯಲ್ಲಿ ೧೯೧೪ರಷ್ಟು ಹಿಂದೆಯೇ ಇಂಥ ಏರ್ಪಾಡಿತ್ತು. ಅದು ರೂಢಿಗೆ ಬರಲಿಲ್ಲ. ೧೯೫೬ರಲ್ಲಿ ಪ್ಯಾಕಾರ್ಡ್ ಕಂಪೆನಿಯವರು ತಮ್ಮ ಬೆಲೆಬಾಳುವ ಗಾಡಿಗಳಿಗೆ ಅದನ್ನು ಮತ್ತೆ ಅಳವಡಿಸಿದ ಬಳಿಕ ಅದು ಕ್ರಮೇಣ ಹಬ್ಬಿತು. ನಮ್ಮ ದೇಶದಲ್ಲಿ ಬಹುಕಾಲ ಅದರ ಸುಳಿವಿರಲಿಲ್ಲ. ಮುಂಬಯಿಯ ಬೀದಿಗಳಲ್ಲಿ ಕಪ್ಪು ಹಳದಿ ಬಣ್ಣ ಹೊತ್ತು ಓಡಾಡಿ, ೨೦೨೩ರ ಅಕ್ಟೋಬರಿನಲ್ಲಿ ಟ್ಯಾಕ್ಸಿ ಸೇವೆಯಿಂದ ನಿವೃತ್ತವಾದ ಪ್ರೀಮಿಯರ್ ಪದ್ಮಿನಿ ಗಾಡಿಯನ್ನು ನೆನೆದುಕೊಳ್ಳಿರಿ. ಅದರ ಕಿಟಕಿಯ ಗಾಜನ್ನು ಇಳಿಸುವುದಕ್ಕೆ ಕೈಯಿಂದ ತಿರುಗಿಸುವ ಹಿಡಿ. ಬಾಗಿಲಿಗೂ ಕೈಯದೇ ಕೆಲಸ. ೧೯೮೩ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ ೮೦೦ ಗಾಡಿಯಲ್ಲಿಯೂ ಆರಂಭದಲ್ಲಿ ಇದೇ ಕ್ರಮ. ಮುಂದೆ ಇಂಥ ಗಾಡಿಗಳಿಗೆ ಹೊರಗಿನಿಂದ ಸೆಂಟ್ರಲ್ ಲಾಕ್ ಸೆಟ್ಟುಗಳನ್ನು ಕೊಂಡು ಕೂಡಿಸುವ ವ್ಯಾಪಾರ ಬೆಳೆಯಿತು. ಬೆಂಗಳೂರಿನ ಜೆ. ಸಿ. ರಸ್ತೆ, ದೆಹಲಿಯ ಕರೋಲ್ ಬಾಗ್, ಚೆನ್ನೈಯ ಜನರಲ್ ಪ್ಯಾಟರ್ಸ್ ರಸ್ತೆ ಮುಂತಾದ ಕಡೆಗಳಲ್ಲಿ ಗಾಡಿಗೆ ಬೇಕಾದ ಇಂಥ ಸಾಮಾನುಗಳ ಅಂಗಡಿಗಳು ಸಾಲಾಗಿವೆ. ನಮ್ಮವರು ಕೊಳ್ಳುವ ಹಳೆಯ ಗಾಡಿಗಳಲ್ಲಿ ಅನೇಕವು ಹೀಗೆ ಆಮೇಲೆ ಬೀಗ ಕೂಡಿಸಿಕೊಂಡವು.

ಬಾಗಿಲೊಳಗಿನ ಏರ್ಪಾಡು

ಗಾಡಿಯ ಬಾಗಿಲಲ್ಲಿ ಎರಡು ಬೇರೆ ಬೇರೆ ಕಾರ್ಯಗಳಿವೆ. ಬಾಗಿಲನ್ನು ಕಂಬಕ್ಕೆ ಕಚ್ಚಿ ಹಿಡಿಯುವುದು ಚಿಲಕ. ಆ ಚಿಲಕವನ್ನು ಬಿಡಿಸುವ ಹಿಡಿಯ ಅಧಿಕಾರವನ್ನು ಕಿತ್ತುಕೊಳ್ಳುವುದು ಬೀಗ. ಬೀಗ ಬಿದ್ದಾಗ ಹೊರಗಿನ ಹಿಡಿಯನ್ನು ಎಷ್ಟೆಳೆದರೂ ಚಿಲಕಕ್ಕೆ ಅದರ ಸೆಳೆತ ಮುಟ್ಟುವುದಿಲ್ಲ. ಬೀಗದ ಸನ್ನೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುವ ಉಕ್ಕಿನ ಕಡ್ಡಿಯೊಂದು ಬಾಗಿಲ ಹೊಟ್ಟೆಯಲ್ಲಿದೆ. ಮೊದಲು ಅದನ್ನು ಆಡಿಸುತ್ತಿದ್ದದ್ದು ನಮ್ಮ ಬೆರಳು. ಈಗ ಅದಕ್ಕೆ ಪುಟ್ಟದೊಂದು ಮೋಟಾರನ್ನು ಕಟ್ಟಿದ್ದಾರೆ. ವಿದ್ಯುತ್ತಿನ ಬೀಗವೆಂದರೆ ಇಷ್ಟೇ.

ಈ ಮೋಟಾರಿಗೆ ಎರಡೇ ತಂತಿಗಳು. ಒಂದಕ್ಕೆ ಬ್ಯಾಟರಿಯ ಧನ ತುದಿಯನ್ನೂ ಇನ್ನೊಂದಕ್ಕೆ ಋಣ ತುದಿಯನ್ನೂ ಮುಟ್ಟಿಸಿದರೆ ಕಡ್ಡಿ ಕೆಳಗಿಳಿದು ಬೀಗ ಬೀಳುತ್ತದೆ. ತಂತಿಗಳನ್ನು ಅದಲುಬದಲು ಮಾಡಿ ಮುಟ್ಟಿಸಿದರೆ ಮೋಟಾರು ತಿರುವುಮುರುವಾಗಿ ತಿರುಗಿ ಬೀಗ ತೆರೆಯುತ್ತದೆ. ಕೆಲಸ ಮುಗಿಯುವುದಕ್ಕೆ ಒಂದು ಸೆಕೆಂಡು ಸಹ ಬೇಡ. ಅದಕ್ಕಿಂತ ಹೆಚ್ಚು ಹೊತ್ತು ಪ್ರವಾಹ ಹರಿದರೆ ಮೋಟಾರು ಕಾದು ಸುಡುತ್ತದೆ. ಸ್ವಿಚ್ಚಿನ ಕರ್ತವ್ಯವೆಂದರೆ ಈ ಅದಲುಬದಲನ್ನು ಕ್ಷಣಮಾತ್ರದಲ್ಲಿ ಮಾಡಿ, ಬೆರಳು ತೆಗೆದೊಡನೆ ಎರಡು ತಂತಿಗಳನ್ನೂ ಗಾಡಿಯ ಲೋಹದ ಮೈಗೆ, ಅಂದರೆ ಮಿಸ್ತ್ರಿಗಳು ‘ಅರ್ತ್’ ಎನ್ನುವ ಋಣ ತುದಿಗೆ, ಮರಳಿಸುವುದು.

ಸ್ವಿಚ್ಚು ಮತ್ತು ರಿಲೇ

ಹಳೆಯ ಕ್ರಮದಲ್ಲಿ ಮೋಟಾರಿನ ಪ್ರವಾಹವೆಲ್ಲ ಸ್ವಿಚ್ಚಿನ ಮೂಲಕವೇ ಹರಿಯುತ್ತಿತ್ತು. ಅಂಥ ಸ್ವಿಚ್ಚಿಗೆ ಐದು ತಂತಿಗಳು: ಬ್ಯಾಟರಿಯಿಂದ ಬರುವುದು ಒಂದು, ಅರ್ತ್ ಎರಡು, ಮೋಟಾರಿಗೆ ಹೋಗುವವು ಎರಡು. ಒಂದೊಂದು ಮೋಟಾರೂ ಆ ಒಂದು ಕ್ಷಣಕ್ಕೆ ಕೆಲವು ಆಂಪಿಯರುಗಳಷ್ಟು ಪ್ರವಾಹವನ್ನು ಹೀರುತ್ತದೆ. ನಾಲ್ಕು ಬಾಗಿಲುಗಳದ್ದೂ ಒಟ್ಟಾದರೆ ಸ್ವಿಚ್ಚಿನೊಳಗಿನ ಚಿಕ್ಕ ತಗಡುಗಳಿಗೆ ಅದು ಭಾರವಾದ ಹೊರೆ. ಒತ್ತಿದಾಗಲೆಲ್ಲ ಕಿಡಿಯೆದ್ದು ತಗಡು ಕರಿಯಾಗುತ್ತದೆ. ಕೊನೆಗೊಂದು ದಿನ ಸ್ವಿಚ್ಚು ಉತ್ತರ ಕೊಡುವುದಿಲ್ಲ. ಈ ಕ್ರಮದ ಗಾಡಿಗಳಲ್ಲಿ ಇನ್ನೊಂದು ಗುಟ್ಟುಂಟು: ಪಕ್ಕದ ಆಸನದ ಸ್ವಿಚ್ಚಿಗೆ ಅರ್ತ್ ಬರುವುದು ಚಾಲಕನ ಸ್ವಿಚ್ಚಿನ ಮೂಲಕ. ಆದುದರಿಂದ ಚಾಲಕನ ಸ್ವಿಚ್ಚು ಸುಟ್ಟರೆ ಪಕ್ಕದ ಸ್ವಿಚ್ಚು ಹೊಸದಾಗಿದ್ದರೂ ಕೆಲಸ ಮಾಡದು. ಇದನ್ನರಿಯದೆ ಪಕ್ಕದ ಸ್ವಿಚ್ಚನ್ನು ಬದಲಾಯಿಸಿ ಹಣ ಕಳೆದುಕೊಳ್ಳುವವರಿದ್ದಾರೆ.

ಈ ತೊಂದರೆಗೆ ಪರಿಹಾರವೇ ರಿಲೇ. ಹೊಟೇಲಿನಲ್ಲಿ ದುಡಿಯುವವರಿಗೆ ಇದನ್ನು ವಿವರಿಸುವುದು ಸುಲಭ. ಗಿರಾಕಿಯ ಮಾತನ್ನು ಕೇಳಿಕೊಂಡ ಸಪ್ಲಾಯರನು ಒಳಗಿನ ಕಿಂಡಿಯಲ್ಲಿ ಕೂಗಿ ಹೇಳುತ್ತಾನೆಯೇ ಹೊರತು ಇಡ್ಲಿಯ ಅಟ್ಟವನ್ನು ತಾನೇ ಇಳಿಸುವುದಿಲ್ಲ. ಭಾರ ಎತ್ತುವವರು ಒಳಗಿನ ಭಟ್ಟರು. ಹಾಗೆಯೇ ಇಲ್ಲಿ ಸ್ವಿಚ್ಚು ಕೇವಲ ಸೂಚನೆ ಕೊಡುತ್ತದೆ. ಅದರ ಮೂಲಕ ಹರಿಯುವುದು ಒಂದು ಆಂಪಿಯರಿನ ಚಿಕ್ಕದೊಂದು ಅಂಶ ಮಾತ್ರ. ಆ ಸೂಚನೆಯಿಂದ ರಿಲೇಯೊಳಗಿನ ಸುರುಳಿ ಅಯಸ್ಕಾಂತವಾಗಿ, ದಪ್ಪ ತಗಡನ್ನು ಸೆಳೆದು, ಬ್ಯಾಟರಿಯಿಂದ ನೇರವಾಗಿ ಮೋಟಾರಿಗೆ ದಾರಿ ತೆರೆಯುತ್ತದೆ.

ಬೀಗಕ್ಕೆ ಇಂಥ ರಿಲೇಗಳು ಎರಡು ಬೇಕು, ಮುಚ್ಚುವುದಕ್ಕೊಂದು, ತೆರೆಯುವುದಕ್ಕೊಂದು. ಅಂಗಡಿಯಲ್ಲಿ ಸಿಗುವ ಐದು ಕಾಲಿನ ರಿಲೇಯ ಅಡಿಯಲ್ಲಿ ೩೦, ೮೫, ೮೬, ೮೭, ೮೭ಎ ಎಂಬ ಅಂಕಿಗಳನ್ನು ಕೆತ್ತಿರುತ್ತಾರೆ. ೩೦ನೆಯದಕ್ಕೆ ಮೋಟಾರಿನ ಒಂದು ತಂತಿ, ೮೭ಎಗೆ ಅರ್ತ್, ೮೭ಕ್ಕೆ ಫ್ಯೂಸಿನ ಮೂಲಕ ಬ್ಯಾಟರಿಯ ಧನ ತುದಿ, ೮೫, ೮೬ ಇವೆರಡು ಸುರುಳಿಯ ತುದಿಗಳು. ಸುರುಳಿಯ ಒಂದು ತುದಿಗೆ ಫ್ಯೂಸಿನಿಂದ ಬರುವ ಧನ ತಂತಿಯನ್ನೂ ಇನ್ನೊಂದಕ್ಕೆ ಸ್ವಿಚ್ಚಿನಿಂದ ಬರುವ ತಂತಿಯನ್ನೂ ಸೇರಿಸಬೇಕು. ಇನ್ನೊಂದು ರಿಲೇಗೂ ಇದೇ ಕ್ರಮ. ಅದರ ೩೦ಕ್ಕೆ ಮೋಟಾರಿನ ಎರಡನೆಯ ತಂತಿ. ಸ್ವಿಚ್ಚಿಗೆ ಆಗ ಮೂರೇ ತಂತಿ ಸಾಕು: ನಡುವಿನದು ಅರ್ತಿಗೆ, ಅಕ್ಕಪಕ್ಕದವು ಎರಡು ರಿಲೇಗಳಿಗೆ. ಎರಡು ರಿಲೇಗಳೂ ಸುಮ್ಮನಿರುವಾಗ ಮೋಟಾರಿನ ಎರಡು ತಂತಿಗಳೂ ಅರ್ತಿನಲ್ಲಿ ವಿಶ್ರಮಿಸುತ್ತವೆ. ಒಂದು ರಿಲೇ ಎಚ್ಚತ್ತರೆ ಪ್ರವಾಹ ಒಂದು ದಿಕ್ಕಿಗೆ. ಇನ್ನೊಂದು ಎಚ್ಚತ್ತರೆ ವಿರುದ್ಧ ದಿಕ್ಕಿಗೆ. ಸ್ವಿಚ್ಚು ಮಾತ್ರ ಬೆರಳು ತೆಗೆದೊಡನೆ ತಾನಾಗಿ ನಡುವಿಗೆ ಮರಳುವ ಜಾತಿಯದಾಗಿರಬೇಕು. ದೀಪದ ಸ್ವಿಚ್ಚಿನಂತೆ ಒತ್ತಿದಲ್ಲಿಯೇ ನಿಲ್ಲುವಂಥದ್ದನ್ನು ಹಾಕಿದರೆ ಮೋಟಾರು ಸುಡುವುದು ಖಂಡಿತ.

ಹೊರಗಿನಿಂದ ಕೊಂಡು ಕೂಡಿಸುವ ಸೆಟ್ಟುಗಳಲ್ಲಿ ಈ ರಿಲೇಗಳೆಲ್ಲ ಒಂದು ಕಪ್ಪು ಪೆಟ್ಟಿಗೆಯೊಳಗೇ ಅಡಗಿರುತ್ತವೆ. ಎಷ್ಟು ಹೊತ್ತು ಪ್ರವಾಹ ಕೊಡಬೇಕೆಂಬುದನ್ನೂ ಆ ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ. ಚಾಲಕನ ಬಾಗಿಲ ಮೋಟಾರಿಗೆ ಐದು ತಂತಿ, ಹಿಂದಿನ ಬಾಗಿಲುಗಳಿಗೆ ಎರಡೆರಡು. ಸಾಮಾನ್ಯವಾಗಿ ನೀಲಿ ಮತ್ತು ಹಸಿರು ತಂತಿಗಳು ಮೋಟಾರಿನವು. ಕಪ್ಪು, ಕಂದು, ಬಿಳಿ ಬಣ್ಣದವು ಸೂಚನೆಯವು. ಚಾಲಕನು ಕೀಲಿಕೈಯಿಂದಲೋ ಬೆರಳಿನಿಂದಲೋ ತನ್ನ ಬಾಗಿಲ ಗುಬುಟನ್ನು ಆಡಿಸಿದಾಗ ಕಪ್ಪು ತಂತಿಯು ಕಂದು ತಂತಿಗೋ ಬಿಳಿಯದಕ್ಕೋ ತಗಲುತ್ತದೆ. ಪೆಟ್ಟಿಗೆ ಅದನ್ನರಿತು ಉಳಿದ ಬಾಗಿಲುಗಳಿಗೆ ಆಜ್ಞೆ ಕಳುಹಿಸುತ್ತದೆ. ಆದರೆ ಬಣ್ಣವನ್ನೇ ನಂಬಿ ತಂತಿ ಸೇರಿಸಬಾರದು. ಹಿಂದಿನ ಮಿಸ್ತ್ರಿ ಕೈಗೆ ಸಿಕ್ಕಿದ ಬಣ್ಣದ ತಂತಿಯನ್ನು ನಡುವೆ ಸೇರಿಸಿರಬಹುದು. ಮೀಟರಿನಿಂದ ನೋಡಿಯೇ ನಿಶ್ಚಯಿಸಬೇಕು.

ಕೆಟ್ಟದ್ದು ಎಲ್ಲಿ?

ವೈದ್ಯನು ನಾಡಿ ಹಿಡಿಯದೆ ಔಷಧ ಕೊಡುವುದಿಲ್ಲ. ಇಲ್ಲಿಯೂ ಲಕ್ಷಣವನ್ನು ನೋಡಿಯೇ ಮುಂದುವರಿಯಬೇಕು.

ಯಾವ ಬಾಗಿಲೂ ಮಿಸುಕದಿದ್ದರೆ ಮೊದಲು ಫ್ಯೂಸನ್ನೂ ಅನಂತರ ಪೆಟ್ಟಿಗೆಯ ಅರ್ತ್ ತಂತಿಯನ್ನೂ ನೋಡಬೇಕು. ಗಾಡಿಯ ಮೈಗೆ ಅರ್ತ್ ಕಚ್ಚಿಸಿದ ತಿರುಪಿಗೆ ತುಕ್ಕು ಹಿಡಿದರೆ ಸಾಕು, ಎಲ್ಲವೂ ಸ್ತಬ್ಧ. ಮೂರು ಬಾಗಿಲು ಸರಿಯಾಗಿದ್ದು ಒಂದು ಮಾತ್ರ ಸುಮ್ಮನಿದ್ದರೆ ದೋಷ ಆ ಬಾಗಿಲಿನ ತಂತಿಯಲ್ಲಿ ಅಥವಾ ಮೋಟಾರಿನಲ್ಲಿ. ಮೋಟಾರಿನ ಸದ್ದು ಕೇಳಿಸಿ ಗುಬುಟು ಆಡದಿದ್ದರೆ ಕಡ್ಡಿಯ ಹಿಡಿಕೆ ಸಡಿಲಿರಬೇಕು, ಇಲ್ಲವೇ ಒಳಗಿನ ಹಲ್ಲುಚಕ್ರ ಸವೆದಿರಬೇಕು. ಬೀಗ ಬಿದ್ದೊಡನೆ ತಾನಾಗಿ ಮತ್ತೆ ತೆರೆದುಕೊಂಡರೆ ಚಾಲಕನ ಬಾಗಿಲ ಕಡ್ಡಿ ಪೂರ್ತಿ ದೂರ ಚಲಿಸುತ್ತಿಲ್ಲವೆಂದು ತಿಳಿಯಬೇಕು. ಎಲ್ಲ ಬಾಗಿಲುಗಳೂ ಹೇಳಿದ್ದಕ್ಕೆ ವಿರುದ್ಧವಾಗಿ ನಡೆದರೆ ಸೂಚನೆಯ ಎರಡು ತಂತಿಗಳು ಅದಲುಬದಲಾಗಿವೆ. ಒಂದೇ ಬಾಗಿಲು ವಿರುದ್ಧವಾಗಿ ನಡೆದರೆ ಆ ಬಾಗಿಲ ಮೋಟಾರಿನ ಎರಡು ತಂತಿಗಳನ್ನು ತಿರುವಿ ಸೇರಿಸಿದರಾಯಿತು, ಬೇರೆ ಖರ್ಚಿಲ್ಲ.

ಇನ್ನು ಎಲ್ಲಕ್ಕಿಂತ ಮೊದಲು ಶಂಕಿಸಬೇಕಾದ ತಾಣವೊಂದಿದೆ. ಅದು ಬಾಗಿಲಿಗೂ ಗಾಡಿಯ ಕಂಬಕ್ಕೂ ನಡುವೆ ಇರುವ ರಬ್ಬರು ಕೊಳವೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅದರೊಳಗಿನ ತಂತಿಗಳು ಬಾಗುತ್ತವೆ, ನೆಟ್ಟಗಾಗುತ್ತವೆ. ದಿನಕ್ಕೆ ಹತ್ತು ಸಲವೆಂದು ಹಿಡಿದರೂ ಹತ್ತು ವರ್ಷದಲ್ಲಿ ಮೂವತ್ತಾರು ಸಾವಿರ ಸಲವಾಯಿತು. ಟ್ಯಾಕ್ಸಿಯಾದರಂತೂ ಇದರ ಹಲವು ಪಟ್ಟು. ತಾಮ್ರದ ಎಳೆಗಳು ಒಂದೊಂದಾಗಿ ಒಳಗೊಳಗೇ ತುಂಡಾಗುತ್ತವೆ. ಹೊರಗಿನ ಹೊದಿಕೆ ಮಾತ್ರ ಎಂದಿನಂತೆ ಕಾಣುತ್ತದೆ. ಬಾಗಿಲನ್ನು ಅರ್ಧ ತೆರೆದಾಗ ಬೀಗ ಕೆಲಸಮಾಡಿ, ಪೂರ್ತಿ ಮುಚ್ಚಿದಾಗ ಮಾಡದಿದ್ದರೆ ತುಂಡಾದದ್ದು ಇಲ್ಲಿಯೇ ಎಂದು ಬಹುಮಟ್ಟಿಗೆ ಹೇಳಬಹುದು. ಕೊಳವೆಯನ್ನು ಸರಿಸಿ ಒಂದೊಂದು ತಂತಿಯನ್ನೂ ಮೆಲ್ಲನೆ ಎಳೆದು ನೋಡಿದರೆ ಮುರಿದದ್ದು ರಬ್ಬರಿನಂತೆ ಹಿಗ್ಗುತ್ತದೆ.

ಕೆಲಸದ ಕ್ರಮ

ಮೊದಲನೆಯದಾಗಿ ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಿ ಬದಿಗಿಡಬೇಕು. ಹೊರಗಿನ ಬಾಗಿಲೊಂದನ್ನು ತೆರೆದಿಟ್ಟು, ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಕೈಹಾಕುವುದು ವಿವೇಕ. ಬಾಗಿಲ ಒಳಹೊದಿಕೆಯನ್ನು, ಅಂದರೆ ಡೋರ್ ಪ್ಯಾಡನ್ನು, ತಿರುಪು ಬಿಚ್ಚಿ ನಿಧಾನವಾಗಿ ಎಬ್ಬಿಸಬೇಕು. ಅದರ ಹಿಂದೆ ಪ್ಲಾಸ್ಟಿಕ್ಕಿನ ಹಾಳೆಯೊಂದು ಅಂಟಿರುತ್ತದೆ. ಅವಸರದಲ್ಲಿ ಅದನ್ನು ಹರಿದು ಎಸೆಯುವವರಿದ್ದಾರೆ. ಮಳೆಯ ನೀರು ಗಾಜಿನ ಬದಿಯಿಂದ ಬಾಗಿಲೊಳಕ್ಕೆ ಇಳಿಯುವುದು ಸಹಜ; ಅದು ಒಳಗಿನ ಸ್ವಿಚ್ಚಿಗೂ ಕಾಲಡಿಗೂ ಬರದಂತೆ ತಡೆಯುವುದು ಈ ಹಾಳೆಯೇ. ಮುಂಬಯಿಯ ಮಳೆಗಾಲವನ್ನೂ ನಮ್ಮ ಕರಾವಳಿಯ ಮಳೆಗಾಲವನ್ನೂ ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅದನ್ನು ಕಾಪಾಡಿ ಮರಳಿ ಅಂಟಿಸಬೇಕು.

ಸ್ವಿಚ್ಚನ್ನು ಕಳಚಿ ಮೀಟರಿನಿಂದ ಪರೀಕ್ಷಿಸುವುದು ಸುಲಭ. ಮೂರು ತುದಿಗಳ ಸ್ವಿಚ್ಚಿನಲ್ಲಿ ಸುಮ್ಮನಿರುವಾಗ ನಡುವಿನ ತುದಿಗೂ ಅಕ್ಕಪಕ್ಕದವಕ್ಕೂ ಸಂಬಂಧವಿರಬಾರದು. ಒಂದು ಕಡೆ ಒತ್ತಿದಾಗ ಒಂದಕ್ಕೂ, ಇನ್ನೊಂದು ಕಡೆ ಒತ್ತಿದಾಗ ಮತ್ತೊಂದಕ್ಕೂ ಮೀಟರು ಸದ್ದು ಮಾಡಬೇಕು. ಬೆರಳು ತೆಗೆದ ಮೇಲೆಯೂ ಸದ್ದು ನಿಲ್ಲದಿದ್ದರೆ ಆ ಸ್ವಿಚ್ಚನ್ನು ಬದಲಾಯಿಸತಕ್ಕದ್ದು.

ಮುರಿದ ತಂತಿಗೆ ಕಂಬದ ಬಳಿ ಒಂದು ಗಂಟು ಹಾಕಿ ಟೇಪು ಸುತ್ತಿದರೆ ಆ ದಿನಕ್ಕೆ ಕೆಲಸವಾಗುತ್ತದೆ. ಸಮುದ್ರದ ಉಪ್ಪುಗಾಳಿಯಲ್ಲಿ ಅಂಥ ಗಂಟಿನ ತಾಮ್ರಕ್ಕೆ ಕಿಲುಬು ಹಿಡಿಯಲು ಹೆಚ್ಚು ಕಾಲ ಬೇಡ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆಯನ್ನು ಮೇಲೆ ತೊಡಿಸುವುದು ಒಳ್ಳೆಯದು. ಆದರೆ ಬಾಗುವ ಜಾಗದಲ್ಲಿಯೇ ಬೆಸುಗೆ ಹಾಕಬಾರದು. ಬೆಸುಗೆಯಾದ ತಂತಿ ಕಡ್ಡಿಯಂತೆ ಬಿರುಸಾಗಿ, ಅದರ ಪಕ್ಕದಲ್ಲಿಯೇ ಮತ್ತೆ ಮುರಿಯುತ್ತದೆ. ರಬ್ಬರು ಕೊಳವೆಯ ಈ ಬದಿಯಿಂದ ಆ ಬದಿಯವರೆಗೆ ಹೊಸ ತಂತಿಯನ್ನೇ ಎಳೆದು, ಬೆಸುಗೆಗಳನ್ನು ಬಾಗಿಲೊಳಗೂ ಕಂಬದೊಳಗೂ, ಅಲುಗಾಡದ ಕಡೆಗಳಲ್ಲಿ, ಹಾಕತಕ್ಕದ್ದು. ತಂತಿಯು ಸಣ್ಣ ಸಣ್ಣ ಎಳೆಗಳು ಬಹಳವಿರುವ ಮೆದು ಜಾತಿಯದಾಗಿರಬೇಕು. ಮನೆಯ ಗೋಡೆಗೆ ಹಾಕುವ ಒಂಟಿ ಎಳೆಯ ತಂತಿ ಇಲ್ಲಿ ಸಲ್ಲದು.

ಫ್ಯೂಸಿನ ವಿಷಯದಲ್ಲಿ ಲೋಭವೂ ಬೇಡ, ಅವಸರವೂ ಬೇಡ. ಸೆಟ್ಟಿನ ಜತೆಗೆ ಬಂದ ಕಾಗದದಲ್ಲಿ ಎಷ್ಟು ಆಂಪಿಯರಿನದೆಂದು ಹೇಳಿದೆಯೋ ಅಷ್ಟರದೇ ಇರಬೇಕು. ಬ್ಯಾಟರಿಗೆ ಆದಷ್ಟು ಹತ್ತಿರವಿರಬೇಕು. ಪದೇ ಪದೇ ಸುಡುತ್ತದೆಯೆಂದು ಅದರ ಜಾಗದಲ್ಲಿ ಸಿಗರೇಟಿನ ಬೇಗಡೆಯನ್ನೋ ದಪ್ಪ ತಂತಿಯನ್ನೋ ಇಟ್ಟರೆ, ಮುಂದೆ ಸುಡುವುದು ಫ್ಯೂಸಲ್ಲ, ಗಾಡಿ.

ಮುಟ್ಟಬಾರದ ತಂತಿಗಳು

ಈವರೆಗೆ ಹೇಳಿದ್ದು ಹಳೆಯ ಗಾಡಿಗಳ ಮಾತು. ಈಚಿನ ಗಾಡಿಗಳಲ್ಲಿ ಬಾಗಿಲು, ದೀಪ, ಕಿಟಕಿ ಎಲ್ಲವನ್ನೂ ಆಳುವ ಗಣಕಯಂತ್ರವೊಂದು ಒಳಗಿರುತ್ತದೆ. ಸ್ವಿಚ್ಚು ಅದಕ್ಕೆ ಬಹು ಸೂಕ್ಷ್ಮವಾದ ಸಂಕೇತವನ್ನು ಕಳುಹಿಸುತ್ತದೆ. ಅಂಥ ತಂತಿಗೆ ಟೆಸ್ಟ್ ಲ್ಯಾಂಪನ್ನು ಚುಚ್ಚಿ ನೋಡಿದರೆ ದೀಪ ಹೀರುವ ಪ್ರವಾಹದಿಂದಲೇ ಯಂತ್ರಕ್ಕೆ ಧಕ್ಕೆಯಾಗಬಹುದು. ಮೀಟರನ್ನು ಮಾತ್ರ ಬಳಸಬೇಕು. ತಂತಿ ಕತ್ತರಿಸುವ ಗೋಜಿಗೆ ಹೋಗಬಾರದು. ಕಂಪೆನಿಯ ಖಾತರಿ ಮುಗಿಯದ ಗಾಡಿಯಲ್ಲಿ ತಂತಿ ಕತ್ತರಿಸಿದರೆ ಖಾತರಿಯ ಹಕ್ಕಿಗೂ ಕುಂದು ಬರುವುದುಂಟು. ಹಳದಿ ಬಣ್ಣದ ಹೊದಿಕೆಯೋ ಕೊಂಡಿಯೋ ಇರುವ ತಂತಿಗಳು ಏರ್‌ಬ್ಯಾಗಿನವು. ಅವುಗಳ ಹತ್ತಿರಕ್ಕೂ ಹೋಗಬಾರದು. ಇದು ತಿಳಿದ ಮಿಸ್ತ್ರಿಗೆ ಬಿಡತಕ್ಕ ಕೆಲಸ.

ಮಳೆ ಕಲಿಸಿದ ಪಾಠ

ಬೀಗ ಬೀಳುವುದು, ತೆರೆಯುವುದು ಸರಿಯಾಯಿತು. ಮಿಸ್ತ್ರಿಗೆ ಹಣ ಕೊಟ್ಟದ್ದಾಯಿತು. ಬಹುಮಂದಿಗೆ ದುರಸ್ತಿ ಅಲ್ಲಿಗೆ ಮುಗಿಯಿತು. ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದ ಪರೀಕ್ಷೆ ಇನ್ನೂ ಉಳಿದಿದೆ. ಅದೇಕೆಂಬುದನ್ನು ಮುಂಬಯಿಯವರು ಬಲ್ಲರು.

೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ ೯೪೪ ಮಿಲಿಮೀಟರು ಮಳೆ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು ೭೩ ಮಿಲಿಮೀಟರು. ದಕ್ಷಿಣದ ಕಚೇರಿಗಳಿಂದ ಮನೆಗೆ ಹೊರಟವರಿಗೆ ಮುಂದೇನು ಕಾದಿದೆಯೆಂಬುದರ ಅರಿವೇ ಇರಲಿಲ್ಲ. ರಸ್ತೆಗಳು ಹೊಳೆಗಳಾದವು. ಗಾಜೇರಿಸಿಕೊಂಡು ಕಾರಿನೊಳಗೇ ಕುಳಿತವರಲ್ಲಿ ಹಲವರು, ನೀರಿನಿಂದ ಕಿಟಕಿ ಬೀಗಗಳ ವಿದ್ಯುತ್ತು ಕೆಟ್ಟು, ಬಾಗಿಲು ತೆರೆಯಲಾರದೆ ಒಳಗೇ ಪ್ರಾಣಬಿಟ್ಟರೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದವು. ಆ ಮೇಲೆ ಕಾರಿನಲ್ಲಿ ಸುತ್ತಿಗೆ ಇಟ್ಟುಕೊಳ್ಳುವ ಪದ್ಧತಿ ಮುಂಬಯಿಯಲ್ಲಿ ಹಬ್ಬಿತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಇಲ್ಲಿ ತಿರುವುಮುರುವಾಗಿ ಸಲ್ಲುತ್ತದೆ: ಇಲ್ಲಿ ಬೇಕಾಗಿದ್ದದ್ದು ಬಾಗಿಲು ತೆರೆಯುವುದು. ಆದರೂ ದುರಂತ ಅಲ್ಲಿಗೆ ನಿಲ್ಲಲಿಲ್ಲ. ೨೦೧೭ರ ಆಗಸ್ಟಿನ ಮಳೆಯಲ್ಲಿ ಸಾಯನ್ ಬಳಿ ನೀರಿನಲ್ಲಿ ಸಿಕ್ಕಿದ ಕಾರಿನೊಳಗೆ ತರುಣ ವಕೀಲರೊಬ್ಬರು ಅಸುನೀಗಿದರು. ೨೦೨೩ರ ಮೇ ೨೧ರಂದು ಬೆಂಗಳೂರಿನ ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ ಬಾಡಿಗೆಯ ಕಾರೊಂದು ಮುಳುಗಿ ಅದರಲ್ಲಿದ್ದ ತರುಣಿಯೊಬ್ಬಳು ಜೀವ ಕಳೆದುಕೊಂಡಳು.

ಇಲ್ಲಿ ನೀರಿನ ಲೆಕ್ಕವನ್ನೂ ತಿಳಿದಿರಬೇಕು. ಒಂದು ಮೀಟರು ಅಗಲದ ಬಾಗಿಲಿನ ಕೆಳ ಅಂಚಿನಿಂದ ಮೇಲಕ್ಕೆ ೬೦ ಸೆಂಟಿಮೀಟರು ನೀರು ನಿಂತಿದ್ದು, ಗಾಡಿಯೊಳಗೆ ನೀರಿಲ್ಲದಿದ್ದರೆ, ಆ ಬಾಗಿಲನ್ನು ಹೊರಗಿನಿಂದ ಒತ್ತುವ ಭಾರ ಸುಮಾರು ೧೮೦ ಕಿಲೋ. ಐವತ್ತು ಕಿಲೋ ಅಕ್ಕಿಯ ಮೂಟೆಗಳು ಮೂರೂವರೆಗೂ ಮಿಕ್ಕಿ ಬಾಗಿಲಿಗೆ ಒರಗಿದಂತೆ. ಬೀಗ ತೆರೆದಿದ್ದರೂ ಬಾಗಿಲು ತೆರೆಯುವುದು ಎಷ್ಟು ಕಷ್ಟವೆಂಬುದನ್ನು ಇದರಿಂದ ಊಹಿಸಬಹುದು. ಆದುದರಿಂದ ನೀರು ಚಕ್ರದ ಅರ್ಧಕ್ಕೆ ಏರುತ್ತಿದೆಯೆಂದು ಕಂಡೊಡನೆ ಬೀಗ ತೆಗೆದು, ಗಾಜಿಳಿಸಿ, ಇಳಿದು ನಡೆಯುವುದೇ ಸರಿ. ಗಾಡಿ ಹೋದರೆ ಇನ್ನೊಂದು ಬಂದೀತು. ತಪ್ಪಿಸಿಕೊಳ್ಳಲು ಗಾಜನ್ನೇ ಒಡೆಯಬೇಕಾಗಿ ಬಂದರೆ ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಬೇಕು. ಎದುರಿನ ಗಾಜು ಎರಡು ಪದರದ ನಡುವೆ ಹಾಳೆಯಿಟ್ಟು ಮಾಡಿದ್ದು; ಬಿರುಕು ಬಿಟ್ಟರೂ ದಾರಿ ಬಿಡದು.

ಮಕ್ಕಳ ವಿಷಯವಾಗಿಯೂ ಒಂದು ಮಾತು. ೨೦೨೪ರ ಏಪ್ರಿಲಿನಲ್ಲಿ ಮುಂಬಯಿಯ ಆಂಟಾಪ್ ಹಿಲ್ಲಿನಲ್ಲಿ ಆಡುತ್ತ ಹೋದ ಅಣ್ಣ ತಂಗಿ ಇಬ್ಬರು ಎಳೆಯರು ನಿಂತಿದ್ದ ಹಳೆಯ ಕಾರಿನೊಳಗೆ ಹೊಕ್ಕು, ಹೊರಬರಲಾರದೆ ಉಸಿರುಗಟ್ಟಿ ಸತ್ತರು. ಓಡಿಸದೆ ನಿಲ್ಲಿಸಿದ ಗಾಡಿಯ ಬಾಗಿಲು ಕೆಟ್ಟಿದ್ದರೇನಂತೆ ಎಂದು ಉದಾಸೀನ ಮಾಡುವಂತಿಲ್ಲ. ಹಿಂಬದಿಯ ಬಾಗಿಲಿನ ಅಂಚಿನಲ್ಲಿ ‘ಚೈಲ್ಡ್ ಲಾಕ್’ ಎಂಬ ಚಿಕ್ಕ ಸನ್ನೆಯೊಂದಿರುತ್ತದೆ. ಅದನ್ನು ತಿರುಗಿಸಿಟ್ಟರೆ ಒಳಗಿನ ಹಿಡಿಯಿಂದ ಬಾಗಿಲು ತೆರೆಯದು. ಓಡುವ ಗಾಡಿಯಲ್ಲಿ ಮಗು ಬಾಗಿಲು ತೆರೆಯದಿರಲೆಂದು ಇದನ್ನಿಟ್ಟಿದ್ದಾರೆ. ಬಾಡಿಗೆ ಟ್ಯಾಕ್ಸಿಯಲ್ಲಿ ಇದೇ ಪ್ರಯಾಣಿಕರಿಗೆ ಬಲೆಯಾಗಬಹುದೆಂಬ ಕಾರಣದಿಂದ ೨೦೧೯ರಿಂದ ಹೊಸ ಟ್ಯಾಕ್ಸಿಗಳಲ್ಲಿ ಅದು ಇರಬಾರದೆಂದು ಕೇಂದ್ರ ಸರಕಾರ ನಿಯಮ ಮಾಡಿದೆ. ಟ್ಯಾಕ್ಸಿ ನಡೆಸುವ ನಮ್ಮ ಬಂಧುಗಳು ಇದನ್ನು ಗಮನದಲ್ಲಿಡಬೇಕು.

ಕೊನೆಯ ಪರೀಕ್ಷೆ

ಹೀಗಾಗಿ ದುರಸ್ತಿಯ ಕೊನೆಯಲ್ಲಿ ಮಾಡಲೇಬೇಕಾದದ್ದು ಇದು. ಕಿಟಕಿಯ ಗಾಜುಗಳನ್ನು ಇಳಿಸಿಟ್ಟು, ಹೊರಗೊಬ್ಬರನ್ನು ನಿಲ್ಲಿಸಿಕೊಂಡು, ಎಲ್ಲ ಬಾಗಿಲುಗಳಿಗೂ ಸ್ವಿಚ್ಚಿನಿಂದ ಬೀಗ ಹಾಕಬೇಕು. ಹೊರಗಿದ್ದವರು ಬ್ಯಾಟರಿಯ ತಂತಿಯನ್ನು ಬಿಚ್ಚಬೇಕು. ಅನಂತರ ಒಳಗೆ ಕುಳಿತವರು ನಾಲ್ಕು ಬಾಗಿಲುಗಳ ಗುಬುಟುಗಳನ್ನೂ ಹಿಡಿಗಳನ್ನೂ ಕೈಯಿಂದಲೇ ಎಳೆದು ಒಂದೊಂದಾಗಿ ತೆರೆದು ನೋಡಬೇಕು. ಉಕ್ಕಿನ ಕಡ್ಡಿ ವಿದ್ಯುತ್ತಿನ ಹಂಗಿಲ್ಲದೆ ಸಲೀಸಾಗಿ ಆಡತಕ್ಕದ್ದು. ಮೋಟಾರನ್ನು ಓರೆಯಾಗಿ ಬಿಗಿದಿದ್ದರೆ, ಕಡ್ಡಿಯನ್ನು ತಪ್ಪಾಗಿ ಬಗ್ಗಿಸಿದ್ದರೆ, ಗುಬುಟು ಬಿಗಿಯಾಗಿ ಬೆರಳಿಗೆ ಬಗ್ಗುವುದಿಲ್ಲ. ಸ್ವಿಚ್ಚು ಎಷ್ಟೇ ಚೆನ್ನಾಗಿ ನಡೆಯಲಿ, ಹಾಗಿದ್ದರೆ ಆ ದುರಸ್ತಿ ಮುಗಿದಿಲ್ಲ. ಮಿಸ್ತ್ರಿಯನ್ನು ಮರಳಿ ಕರೆದು, ಕಡ್ಡಿ ಸಡಿಲಾಗುವ ತನಕ ಹಣ ಕೊಡದಿರುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಮನೆಯವರಿಗೂ ಮಕ್ಕಳಿಗೂ ಆ ಗುಬುಟು ಎಲ್ಲಿದೆ, ಯಾವ ಕಡೆಗೆ ಎಳೆಯಬೇಕು ಎಂಬುದನ್ನು ತೋರಿಸಿ ಅವರ ಕೈಯಿಂದಲೇ ಒಮ್ಮೆ ಮಾಡಿಸಬೇಕು. ಹತ್ತು ನಿಮಿಷದ ಕೆಲಸ.

ಹಗಲು ದುಡಿದು ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ವಿದ್ಯೆ ಗಳಿಸಿದ ಪರಂಪರೆ ನಮ್ಮ ಹೊಟೇಲು ಬಂಧುಗಳದ್ದು. ಅಂಥವರಿಗೆ ಎರಡು ರಿಲೇ, ಐದು ತಂತಿಗಳ ಈ ವಿದ್ಯೆ ದೊಡ್ಡದಲ್ಲ. ಕೈಯಾರೆ ಮಾಡಲು ಆಸಕ್ತಿಯುಳ್ಳವರು ಮೀಟರೊಂದನ್ನು ಕೊಂಡು ಆರಂಭಿಸಬಹುದು. ಬಿಡುವಿಲ್ಲದವರು ಮಿಸ್ತ್ರಿಯ ಪಕ್ಕದಲ್ಲಿ ನಿಂತು, ಕೇಳತಕ್ಕ ಪ್ರಶ್ನೆಗಳನ್ನು ಕೇಳಬಹುದು. ಮುಂದಿನ ಮಳೆಗೆ ಮೊದಲು ಬಿಡುವಾದ ಒಂದು ದಿನ ಬ್ಯಾಟರಿ ಬಿಚ್ಚಿ ಬಾಗಿಲು ತೆರೆದು ನೋಡುವ ಪರೀಕ್ಷೆಯನ್ನಂತೂ ಗಾಡಿಯುಳ್ಳ ಪ್ರತಿಯೊಬ್ಬ ವಾಚಕರೂ ಮಾಡಬೇಕೆಂದು ನಾವು ಒತ್ತಾಯಪೂರ್ವಕವಾಗಿ ಸೂಚಿಸುತ್ತೇವೆ.